ಹಸಿರಿಲ್ಲದ ನಳಿಗೆ

"ನಿನ್ನ ಬೆಸುಗೆ ಪರೀಕ್ಷೆ ಮುಗಿಯೋವರೆಗೂ ನಾನು ಈ ಸ್ಟೂಲು ಬಿಟ್ಟು ಏಳಲ್ಲ ಕಣೆ," ಅಂತ ಲವಂಗದಕ್ಕ ಮಾತು ಕೊಟ್ಟಿದ್ದಳು. ಬಾಯಲ್ಲಿ ಸದಾ ಲವಂಗ ಇರುತ್ತಿದ್ದರಿಂದ ಅವಳಿಗೆ ಆ ಹೆಸರು. ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದವಳು ಅವಳೇ, ಅದೂ ತನ್ನ ಎಡಗೈಯಲ್ಲಿ ಮಾಡಿ ತೋರಿಸಿ.

ಬೆಂಕಿಕಡ್ಡಿಯಷ್ಟು ಸಣ್ಣ ಹಸಿರು ಗಾಜಿನ ನಳಿಗೆಯೊಳಗೆ ಸ್ವಿಚ್ಚಿನ ತಂತಿ ಇಟ್ಟು, ಗಾಜು ಕಾಯಿಸುವ ದೀಪದ ಕೆಳಗೆ ಹಿಡಿಯಬೇಕು. ಹಸಿರು ಗಾಜು ಕಾವನ್ನು ಕುಡಿದು, ಕರಗಿ, ಬಾಯಿ ಮುಚ್ಚಿಕೊಳ್ಳುತ್ತದೆ. ಬಿಳಿ ಗಾಜು ಮಾತ್ರ ಜಪ್ಪಯ್ಯ ಅಂದರೂ ಕರಗುವುದಿಲ್ಲ.

"ಬಿಳೀದು ಮಾತು ಕೇಳದ ಗಂಡನ ಥರ. ಎಷ್ಟು ಕಾಯಿಸಿದ್ರೂ ಒಳಗಿಳಿಯಲ್ಲ," ಅಂತ ಅಕ್ಕ ನಗುತ್ತಿದ್ದಳು.

ಪರೀಕ್ಷೆಗೆ ಹತ್ತು ದಿನ ಇರುವಾಗ ಅವಳು ತೀರಿಕೊಂಡಳು.

ಇಪ್ಪತ್ತರಲ್ಲಿ ಒಂದು ನಳಿಗೆ ಸೋರಿದರೂ ನನ್ನ ಕೆಲಸ ಹೋಗುತ್ತಿತ್ತು. ಇಬ್ಬರು ಮಕ್ಕಳ ಹೊಟ್ಟೆ ಆ ಕೆಲಸವನ್ನೇ ನಂಬಿತ್ತು. ಪರೀಕ್ಷೆಯ ದಿನ ಮಧ್ಯಾಹ್ನ ತಂತಿ ಎರಡು ಸಲ ನನ್ನ ಬೆರಳಿನಿಂದ ಜಾರಿತು. ಆಸರೆಗೆ ಪಕ್ಕದಲ್ಲಿದ್ದ ಅಕ್ಕನ ಖಾಲಿ ಸ್ಟೂಲಿನ ಮೇಲೆ ಕೈಯೂರಿದೆ. ಯಾರೋ ಕೂತಿದ್ದಂತೆ ಬೆಚ್ಚಗಿತ್ತು. ಲವಂಗದ ವಾಸನೆ ಬಂತು. ಆಮೇಲೆ ತಂತಿ ಜಾರಲಿಲ್ಲ.

ಮೇಸ್ತ್ರಿ ಒಂದೊಂದನ್ನೇ ನೀರಿನಲ್ಲಿ ಮುಳುಗಿಸಿ ನೋಡಿದರು. ಕೊನೆಯದನ್ನು ಬೆಳಕಿಗೆ ಹಿಡಿದು, "ಏನಮ್ಮಾ ಇದು, ಬಿಳಿ ಗಾಜು!" ಅಂದರು.

ಗಾಬರಿಯಲ್ಲಿ ಬಿಳಿ ನಳಿಗೆಗಳ ತಟ್ಟೆಗೆ ಕೈ ಹಾಕಿದ್ದೆ.

"ಆದ್ರೆ ಮುಚ್ಕೊಂಡಿದೆಯಲ್ಲ!" ನೀರಿಗಿಟ್ಟರು. ಒಂದು ಗುಳ್ಳೆಯೂ ಏಳಲಿಲ್ಲ. ಬೆಸುಗೆ ಚೂರು ಎಡಕ್ಕೆ ವಾಲಿತ್ತು. ನಮ್ಮಲ್ಲಿ ಹಾಗೆ ಬೆಸೆಯುವ ಎಡಗೈಯವಳು ಒಬ್ಬಳೇ ಇದ್ದಳು.

ಮೇಸ್ತ್ರಿ ನಳಿಗೆಯನ್ನು ಒರೆಸಿಟ್ಟು, ಇಪ್ಪತ್ತಕ್ಕೆ ಇಪ್ಪತ್ತು ಎಂದು ಬರೆದುಕೊಂಡರು.

ನಾನು ಸ್ಟೂಲು ಮುಟ್ಟಿದೆ. ತಣ್ಣಗಾಗಿತ್ತು. ಪರೀಕ್ಷೆ ಮುಗಿಯುವವರೆಗೂ ಲವಂಗದಕ್ಕ ಎದ್ದಿರಲಿಲ್ಲ.