ಜೋಳದ ಹೊಲದಲ್ಲಿ ಚುಕ್ಕಿಗಳು ತುಳಿದ ಚಿತ್ರ

ಬಹಳ ಹಿಂದೆ, ಜೋಳದ ಹೊಲದೊಳಗೆ ಆನೆ ನಿಂತರೂ ಎತ್ತಿದ ಸೊಂಡಿಲು ಮಾತ್ರ ಕಾಣುತ್ತಿದ್ದ ಕಾಲದಲ್ಲಿ, ತೆನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಜನ ದುಡಿಯುವವರು, ಉಣ್ಣುವವರು, ಮಾನಕ್ಕೆ ಅಂಜುವವರು. ಅಂಜುವುದು ತುಸು ಹೆಚ್ಚೇ ಆಗಿತ್ತು ಎನ್ನಬೇಕು. ಹೊಲದಲ್ಲಿ ನಾಲ್ಕು ದಂಟು ನೆಲಕ್ಕೆ ಮಲಗಿದರೆ ಸಾಕು, ನೆರೆಯವರು ಏಳುವ ಮೊದಲೇ ಓಡಿ ಅವನ್ನು ಎತ್ತಿ ನಿಲ್ಲಿಸಿ, ತೆನೆಗೆ ತೆನೆ ಸೇರಿಸಿ ದಾರ ಕಟ್ಟಿಬಿಡುತ್ತಿದ್ದರು. ಪೈರು ಬಿದ್ದ ಮನೆಗೆ ಹೆಣ್ಣು ಕೊಡಬಾರದು ಎಂಬ ಮಾತು ಆ ನಾಡಿನಲ್ಲಿತ್ತು.

ರಾಜ್ಯದ ಅಂಚಿನ ಗುಡ್ಡದಲ್ಲಿ ಇದ್ದಿಲಯ್ಯ ಎಂಬ ಮಾಂತ್ರಿಕನಿದ್ದ. ಅವನಿಗೆ ಹೊಲ ಬೇಕಾದಷ್ಟಿತ್ತು, ಎತ್ತುಗಳಿರಲಿಲ್ಲ. ಸಂತೆಗೆ ಹೋಗುವ ಬದಲು ಅವನು ಮದುವೆಯಾದ ಗಂಡಸರನ್ನೇ ಆರಿಸಿ ಅವರ ಕೊರಳಿಗೆ ಕರಿಹಗ್ಗ ಎಸೆಯುತ್ತಿದ್ದ. ಹಗ್ಗ ಬಿದ್ದವನು ನಿಂತಲ್ಲೇ ಎತ್ತಾಗುತ್ತಿದ್ದ. ಮೊದಲು ಬೇಟೆಗೆ ಹೋದ ರಾಜ ಗಂಗರಸ ಎತ್ತಾದ. ಆಮೇಲೆ ರಾಜನನ್ನು ಹುಡುಕಲು ಹೋದವರು ಎತ್ತಾದರು. ಆಮೇಲೆ ಅವರನ್ನು ಹುಡುಕಲು ಹೋದವರು. ಆ ಕೊನೆಯವರಲ್ಲಿ ಕಾಶವ್ವನ ಗಂಡ ದುಂಡಪ್ಪನೂ ಇದ್ದ. ಅವಳ ಮೈಯಿಂದ ಮದುವೆಯ ಅರಿಸಿನವೇ ಇನ್ನೂ ಹೋಗಿರಲಿಲ್ಲ.

ರಾಣಿ ಗುಡ್ಡಕ್ಕೆ ಹೋಗಿ ಕೈಮುಗಿದಳು. ಇದ್ದಿಲಯ್ಯ ಹಲ್ಲು ಕಿಸಿದ.

“ಬಿಡೂದಿಲ್ಲ ಅಂತ ನಾ ಎಲ್ಲಿ ಅಂದೀನಿ, ರಾಣಿಯವ್ವಾ? ನಡುಮಧ್ಯಾಹ್ನ ರಾತ್ರಿ ಆಗಬೇಕು. ಆ ಕತ್ತಲದಾಗ ಕಟ್ಟಿಕೊಂಡ ಹೆಂಡ್ತಿ ಬಂದು ಗಂಡನ್ನ ಹೆಸರು ಹಿಡದು ಕರೀಬೇಕು. ಹಡದ ತಾಯಿ ಕರದ್ರೂ ನಡಿಯೂದಿಲ್ಲ. ಬೆಳಕು ಬಿತ್ತೋ, ಅವರು ಸಾಯೂತನಕ ಎತ್ತೇ.”

“ಮಧ್ಯಾಹ್ನ ರಾತ್ರಿ ಯಾವತ್ತು ಆಗತೈತಿ?”

“ಅದನ್ನ ಹೇಳಾಕ ನಾ ಏನು ಹುಚ್ಚನಾ?” ಎಂದು ಅವನು ಬಾಗಿಲು ಹಾಕಿಕೊಂಡ. ಆ ಮಾತು ರಾಣಿಯ ಜೊತೆಗೆ ಗುಡ್ಡ ಇಳಿದು ನಾಡಿಗೆಲ್ಲ ತಿಳಿಯಿತು.

ಆ ದಿನ ಯಾವುದೆಂದು ಆಕಾಶದ ಚುಕ್ಕಿಗಳಿಗೆ ಗೊತ್ತಿತ್ತು. ಚುಕ್ಕಿಗಳಿಗೆ ಬಾಯಿಲ್ಲ, ಕಾಲಿವೆ. ಅವು ಇಳಿದು ಬಂದು ಜೋಳದ ಹೊಲದಲ್ಲಿ ಕೈ ಕೈ ಹಿಡಿದು ಸುತ್ತು ಕುಣಿದು, ತುಳಿತುಳಿದು ಚಿತ್ರ ಬರೆದು, ಮೂಡಣ ಕೆಂಪಾಗುವ ಮೊದಲು ಮೇಲೆ ಹೋದವು.

ಮೊದಲನೆಯ ಚಿತ್ರ ಊರಗೌಡರ ಹೊಲದಲ್ಲಿ ಮೂಡಿತು. ಬೆಳಿಗ್ಗೆ ಹಕ್ಕಿ ಓಡಿಸಲು ಕಾಶವ್ವ ಕವಣೆ ಹಿಡಿದು ತನ್ನ ಹೊಲದ ಅಟ್ಟಣಿಗೆ ಹತ್ತಿದಾಗ ಗೌಡರ ಆಳುಗಳು ಆಗಲೇ ದಾರ ಕಟ್ಟಿ ಮುಗಿಸುತ್ತಿದ್ದರು. ಬಳೆಯ ತುಂಡಿನಂತೆ ಬಾಗಿ ಮಲಗಿದ ಒಂದು ಸಾಲು ಮಾತ್ರ ಉಳಿದಿತ್ತು.

“ಗೌಡಶಾನಿ, ಗಾಳಿಗೆ ಬಿದ್ದ ಜ್ವಾಳ ಹಿಂಗ ದುಂಡಗ ಬೀಳತೈತೇನ್ರಿ?” ಎಂದು ಅವಳು ಕೂಗಿ ಕೇಳಿದಳು.

“ನಮ್ಮ ಹೊಲದಾಗ ಏನೂ ಬಿದ್ದಿಲ್ಲ! ನೀ ನಿನ್ನ ಹಕ್ಕಿ ನೋಡಿಕೋ!” ಎಂದು ಗೌಡತಿ ಸಿಡುಕಿದಳು.

ಎರಡನೆಯ ಚಿತ್ರ ರಾಣಿಯ ಹೊಲದಲ್ಲಿ ಮೂಡಿತು. ಈ ಸಲ ಕಾಶವ್ವ ಬೇಗ ಹತ್ತಿದ್ದಳು. ದೊಡ್ಡದೊಂದು ದುಂಡು, ಅದರೊಳಕ್ಕೆ ನುಗ್ಗಿದ ಇನ್ನೊಂದು ದುಂಡು, ಯಾರೋ ಕಚ್ಚಿಟ್ಟ ರೊಟ್ಟಿಯ ಹಾಗೆ. ಚಂದ್ರ ಸೂರ್ಯನನ್ನು ಮುಚ್ಚಲಿದ್ದಾನೆ ಎಂದು ಅವಳಿಗೆ ಹೊಳೆಯಿತು. ಯಾವ ದಿನ ಎನ್ನುವುದು ಚಿತ್ರದ ಉಳಿದರ್ಧದಲ್ಲಿತ್ತು. ಅದನ್ನು ರಾಣಿಯ ಆಳುಗಳು ಎತ್ತಿ ಕಟ್ಟಿದ್ದರು. ಕಾಶವ್ವ ಓಡಿಹೋಗಿ, “ನಿಮ್ಮ ಕಾಲಿಗೆ ಬೀಳತೀನಿ, ಹಂಗಽ ಬಿಡ್ರಿ” ಎಂದು ಅಂಗಲಾಚಿದಳು.

“ರಾಣಿಯವರ ಜ್ವಾಳ ಬಿದ್ದೈತಿ ಅಂತ ಸುದ್ದಿ ಆದ್ರ ನಮ್ಮ ತಲಿ ಬೀಳತಾವು, ಸರಿ ಅತ್ತಾಗ” ಎಂದರು ಆಳುಗಳು.

ಅಂದು ಕಾಶವ್ವ ಬದುವಿನ ಮೇಲೆ ಕುಳಿತು ಅತ್ತಳು. ಹೇಳುವವರು ಹೇಳುತ್ತಲೇ ಇದ್ದಾರೆ, ಒರೆಸುವವರು ಒರೆಸುತ್ತಲೇ ಇದ್ದಾರೆ. ಮಾಂತ್ರಿಕನಿಗೆ ಕೆಲಸವೇ ಇಲ್ಲ!

ಮೂರನೆಯ ಚಿತ್ರ ಅವಳ ಹೊಲದಲ್ಲೇ ಮೂಡಿತು. ಆದರೆ ಅವಳಿಗಿಂತ ಮೊದಲು ಅಲ್ಲಿಗೆ ತಲುಪಿದವಳು ಅತ್ತೆ ನಿಂಬೆವ್ವ. ಬಗಲಲ್ಲಿ ಮಜ್ಜಿಗೆಯ ಗಡಿಗೆ, ಕೈಯಲ್ಲಿ ದಾರದ ಉಂಡೆ. ಸೊಸೆ ಅಡ್ಡ ನಿಂತಳು.

“ಸರಿಯೇ ಅತ್ತಾಗ! ಜನ ನೋಡಿದ್ರ ಏನಂದಾರು?”

“ಅನ್ನಲಿ ಅತ್ತಿ. ಅನ್ನೂ ಬಾಯಿ ಅವರದು, ಮಲಗಿದ ಜ್ವಾಳ ನಮ್ದು. ನಿಮಗ ಮಗ ಬೇಕೋ, ಮಾನ ಬೇಕೋ?”

ನಿಂಬೆವ್ವ ದಾರದ ಉಂಡೆಯನ್ನು ನೆಲಕ್ಕೆ ಹಾಕಿ ಅದರ ಮೇಲೇ ಕುಳಿತುಬಿಟ್ಟಳು.

ಜೋಳ ಎತ್ತಿ ಕಟ್ಟದೆ ಬಿಟ್ಟಿದ್ದನ್ನು ಗುಡ್ಡದಿಂದ ಕಂಡ ಇದ್ದಿಲಯ್ಯ, ಹೊಲವನ್ನು ಉತ್ತು ಹಾಳು ಮಾಡಲೆಂದು ಕೆಂಡದ ಹಂದಿಯೊಂದನ್ನು ಬಿಟ್ಟ. ಅದು ಬದು ಸುಡುತ್ತ ಗುಟುರು ಹಾಕಿಕೊಂಡು ಬಂತು. ಕಾಶವ್ವ ಅತ್ತೆಯ ಗಡಿಗೆ ಕಸಿದುಕೊಂಡು ಅಷ್ಟೂ ಮಜ್ಜಿಗೆಯನ್ನು ಅದರ ನೆತ್ತಿಗೆ ಸುರಿದಳು. ಹಂದಿ ಚುಯ್ ಎಂದು ಆರಿ ಇದ್ದಿಲಿನ ಗುಡ್ಡೆಯಾಯಿತು. “ಒಲಿಗೆ ಆತು” ಎಂದು ನಿಂಬೆವ್ವ ಅದನ್ನು ಬುಟ್ಟಿಗೆ ತುಂಬಿಕೊಂಡಳು.

ಕಾಶವ್ವ ಅಟ್ಟಣಿಗೆ ಹತ್ತಿ ನೋಡಿದಳು. ಒಂದು ದುಂಡು ಇನ್ನೊಂದನ್ನು ಪೂರ್ತಿ ಮುಚ್ಚಿತ್ತು. ಪಕ್ಕದಲ್ಲಿ ಬಾಣ ಹೂಡಿದ ಬಿಲ್ಲು. ಬಿಲ್ಲಿನ ಚುಕ್ಕಿಗಳು ಸೂರ್ಯನ ಮಗ್ಗುಲಿಗೆ ಬರುವುದು ಎಳ್ಳಮಾಸಿಯ ತಿಂಗಳಲ್ಲಿ ಎಂದು ಆ ನಾಡಿನ ಮಕ್ಕಳಿಗೂ ಗೊತ್ತು. ಚಂದ್ರ ಸೂರ್ಯನ ಹತ್ತಿರ ಹೋಗುವುದು ಅಮಾವಾಸ್ಯೆಗೆ. ಹಾಗಾದರೆ ದಿನ ಆ ತಿಂಗಳ ಅಮಾವಾಸ್ಯೆ, ಎಳ್ಳಮಾಸಿಯೇ!

ಎಳ್ಳಮಾಸಿಯ ದಿನ ತೆನೆಗಿರಿಯ ಹೆಂಗಸರೆಲ್ಲ ಬುತ್ತಿಯ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸುವುದು ಪದ್ಧತಿ. ಆ ವರ್ಷ ಬುಟ್ಟಿಗಳು ಗುಡ್ಡದ ದಾರಿ ಹಿಡಿದವು. ಮುಂದೆ ಕಾಶವ್ವ, ಜೊತೆಗೆ ರಾಣಿ, ಹಿಂದೆ ಎಲ್ಲರೂ. ಇದ್ದಿಲಯ್ಯ ಎತ್ತುಗಳನ್ನು ಗವಿಗೆ ಅಟ್ಟಿ ಅಡಗಿಸಲೂ ಇಲ್ಲ.

“ದಿನ ಹುಡುಕಿದ್ರಿ, ಶಾಣ್ಯಾರು. ಈಗ ಕರೀರಿ ನೋಡೋಣ!” ಎಂದು ಬುಟ್ಟಿಯೊಂದನ್ನು ಎಳೆದುಕೊಂಡು ಹೋಳಿಗೆ ತಿನ್ನುತ್ತ ಕುಳಿತ.

ನಡುಮಧ್ಯಾಹ್ನ ಬಿಸಿಲು ಮಂಕಾಯಿತು. ತಣ್ಣನೆ ಗಾಳಿ ಬೀಸಿತು. ಹಕ್ಕಿಗಳು ಗೂಡಿಗೆ ಮರಳಿದವು. ಸೂರ್ಯ ಮುಚ್ಚಿಹೋಗಿ ಚುಕ್ಕಿಗಳು ಕಂಡವು. ಎತ್ತುಗಳೆಲ್ಲ ತಲೆ ಎತ್ತಿ ಹೆಂಗಸರ ಕಡೆ ನೋಡಿದವು. ಆ ಕತ್ತಲೆ ಇರುವುದು ಒಂದು ರೊಟ್ಟಿ ಬೇಯುವಷ್ಟು ಹೊತ್ತು ಮಾತ್ರ.

ಹೆಂಗಸರು ಸುಮ್ಮನೆ ನಿಂತಿದ್ದರು. ಏಕೆಂದರೆ ಆ ನಾಡಿನಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. “ಇವರು”, “ನಮ್ಮನಿಯವರು”, ಅಷ್ಟೇ. ತೀರಾ ಹೇಳಲೇಬೇಕಾದರೆ ಒಡಪು ಕಟ್ಟಿ, ಸುತ್ತಿ ಬಳಸಿ, ಕೊನೆಗೆ ಹೆಸರು ಸೇರಿಸಬೇಕು. ಇದ್ದಿಲಯ್ಯನ ಧೈರ್ಯವೇ ಅದು. ರಾಣಿ ಸೆರಗು ಸರಿಮಾಡಿಕೊಂಡು ಶುರುಮಾಡಿದಳು.

“ಹಾಲಿನಂಥ ಅರಮನಿಗೆ ಹವಳದ ಹೊಸ್ತಲ, ಹೊಸ್ತಲದ ಮ್ಯಾಲ ಹೊನ್ನಿನ ಕಳಸ, ಕಳಸದ ಮ್ಯಾಲ ಕೂತ ಗಿಣಿ…”

“ಗಿಣಿ ಹಾರಿ ಹೋಗತೈತ್ರಿ, ರಾಣಿಯವ್ವಾ!” ಎಂದು ಕಾಶವ್ವ ಚೀರಿದಳು.

ಹೀಗೆ ಚೀರಿದವಳಿಗೂ ತನ್ನ ಗಂಡನ ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಅತ್ತೆ ಬೇರೆ ಪಕ್ಕದಲ್ಲೇ ಇದ್ದಳು. ಅವಳಿಗೆ ಎಷ್ಟು ನಾಚಿಕೆಯಾಯಿತೋ ಅಷ್ಟೇ ಭಯವೂ ಆಯಿತು. ಇದನ್ನು ಕಂಡ ನಿಂಬೆವ್ವ ಎರಡೂ ಕೈ ಕಿವಿಗೆ ಒತ್ತಿಕೊಂಡು ಗದರಿದಳು:

“ಕರಿಯೇ, ಕರಿ! ನಾ ಕಿವಿ ಮುಚ್ಚಿಕೊಂಡೀನಿ!”

“ಏ ದುಂಡಪ್ಪಾ!” ಎಂದು ಕಾಶವ್ವ ಕೂಗಿದಳು. ಗುಡ್ಡವೆಲ್ಲ ಆ ಹೆಸರು ಕೇಳಿತು. ಹಗ್ಗ ಕಳಚಿ ಬಿತ್ತು. ಎತ್ತು ನಿಂತಿದ್ದಲ್ಲಿ ದುಂಡಪ್ಪ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ನಿಂತಿದ್ದ.

ಒಬ್ಬಳು ಮಾನ ಬಿಟ್ಟರೆ ಉಳಿದವರಿಗೆ ದಾರಿ ಸಲೀಸು. “ಏ ಈರಭದ್ರಾ!” “ಏ ಚನಮಲ್ಲಾ!” ಎಂದು ಎಲ್ಲರೂ ಗಂಟಲು ಬಿಚ್ಚಿದರು. ಹಗ್ಗಗಳು ಪಟಪಟ ಉದುರಿದವು. ಸೂರ್ಯನ ಅಂಚು ಇನ್ನೇನು ಹೊಳೆಯಬೇಕು, ಆಗ ರಾಣಿ ಗಿಣಿಯನ್ನು ಅಲ್ಲೇ ಬಿಟ್ಟು, “ಏ ಗಂಗ್ಯಾ!” ಎಂದು ಕಿರುಚಿದಳು. ಮಹಾರಾಜ ಎದ್ದು ನಿಂತ.

ಕೊರಳು ಬಿಟ್ಟ ಹಗ್ಗಗಳಿಗೆ ಇನ್ನೊಂದು ಕೊರಳು ಬೇಕಿತ್ತು. ಅವು ಹಾವಿನಂತೆ ಹರಿದು ಇದ್ದಿಲಯ್ಯನನ್ನು ಸುತ್ತಿಕೊಂಡವು. ಹೋಳಿಗೆ ಬಾಯಲ್ಲಿರುವಾಗಲೇ ಅವನು ಎತ್ತಾದ. ಎತ್ತು ಒಬ್ಬೊಬ್ಬರ ಮುಖವನ್ನೂ ನೋಡಿತು. ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬೆಳಕು ಬಿತ್ತು.

ಗಂಡಸರು ಮನೆಗೆ ಬಂದರು, ಸುಗ್ಗಿ ಚೆನ್ನಾಗಾಯಿತು, ತೆನೆಗಿರಿ ಉಂಡು ಉಟ್ಟು ನಕ್ಕುಕೊಂಡಿತು. ಗುಡ್ಡದಿಂದ ಇಳಿಯುವಾಗ ದುಂಡಪ್ಪ ಹೆಂಡತಿಯ ಬುಟ್ಟಿಯನ್ನು ತಾನೇ ಹೊತ್ತು, ಅವ್ವ ಮುಂದೆ ಹೋಗಲೆಂದು ಕಾದು, ಮೆಲ್ಲಗೆ ಹೇಳಿದ:

“ಹೆಸರು ಹಿಡದು ಇನ್ನೊಮ್ಮಿ ಕರಿಯೇ.”

ಕಾಶವ್ವ ಸೆರಗು ಎಳೆದುಕೊಂಡಳು.

“ಎತ್ತಾಗ್ರಿ, ಕರೀತೀನಿ” ಎಂದಳು.