ದಾಸನಕೆರೆಯ ಗೆಂಡೆಗಳು

ದಾಸನಕೆರೆಯ ತಳದಲ್ಲಿ ಆಮೆಯ ಗಾತ್ರದ ಯಂತ್ರವೊಂದು ತೆವಳುತ್ತಿತ್ತು. ಅಲ್ಲಲ್ಲಿ ನಿಂತು ಕೆಸರನ್ನು ಪರೀಕ್ಷಿಸಿ, ರಂಜಕ ಹೆಚ್ಚಿದ್ದ ಕಡೆ ಪಟಿಕದ ದ್ರಾವಣ ಬಿಡುತ್ತಿತ್ತು. ಊರಿನ ಚರಂಡಿ ದಶಕಗಳ ಕಾಲ ಸೋಪಿನ ನೀರಿನೊಡನೆ ತಂದು ಸುರಿದ ರಂಜಕವೆಲ್ಲ ಆ ಕೆಸರಿನಲ್ಲೇ ಕೂತಿತ್ತು. ಬೇಸಿಗೆ ಬಂತೆಂದರೆ ಮೇಲೆದ್ದು ಪಾಚಿಗೆ ಹಬ್ಬದೂಟ ಬಡಿಸುತ್ತಿತ್ತು. ಪಟಿಕ ಅದನ್ನು ಹಿಡಿದು ತಳದಲ್ಲೇ ಕಟ್ಟಿಹಾಕಿತು. ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದ ಜನ, 2061ರ ಆ ಬೇಸಿಗೆಯಲ್ಲಿ ಬುತ್ತಿ ಕಟ್ಟಿಕೊಂಡು ಕೆರೆ ನೋಡಲು ಬಂದರು.

ಯಂತ್ರ ಮಾಡಿದ ಡಾ. ನಿರಂಜನ ಕಾಯುತ್ತಿದ್ದದ್ದು ಕೆರೆಗೆ ಮರಳಿ ಬಿಡಬೇಕಿದ್ದ, ಬೆಸ್ತರ ಸವಿತಕ್ಕನ ಮೀನಿಗಾಗಿ. ಕೆರೆ ಕೊಳೆತಾಗ ಅವಳು ಅಲ್ಲಿನ ಕೆಂಪುರೆಕ್ಕೆಯ ಗೆಂಡೆಮೀನುಗಳಲ್ಲಿ ಉಳಿದ ಕೆಲವನ್ನು ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ, ಮಳೆನೀರು ತುಂಬಿಸಿ ಸಾಕಿಕೊಂಡಿದ್ದಳು. ಮರಿಗೆ ಮರಿ ಹುಟ್ಟಿ ತಳಿ ಉಳಿದಿತ್ತು. ಬೇರೆಲ್ಲೂ ಆ ತಳಿ ಇರಲಿಲ್ಲ.

“ಅದೇನ್ ಮದ್ದು ಸ್ವಾಮಿ, ಕೆರೆಗೆ ಹಾಕ್ತಿರೋದು?” ಎಂದು ಅವಳು ಒಮ್ಮೆ ಕೇಳಿದ್ದಳು.

“ದೃಷ್ಟಿ ಆಗ್ಬಾರ್ದು ಅಂತ ನೀವು ಬಾಗಿಲಿಗೆ ಕಟ್ತೀರಲ್ಲ, ಅದೇ ಪಟಿಕ ಅಕ್ಕ. ಇನ್ನೇನೂ ಇಲ್ಲ,” ಎಂದು ನಿರಂಜನ ನಕ್ಕಿದ್ದ. ದೊಡ್ಡ ವಿಷಯವನ್ನು ಸಣ್ಣದಾಗಿ ಹೇಳಿದೆನೆಂಬ ಖುಷಿ ಅವನಿಗೆ.

ಮೀನನ್ನು ಕೆರೆಗೆ ಬಿಡುವ ಮುನ್ನಾದಿನ ಊರೆಲ್ಲ ತೊಟ್ಟಿಯ ಸುತ್ತ ನೆರೆದು, “ಅಬ್ಬಾ, ಏನ್ ಚೆಂದ!” ಎಂದು ಹೊಗಳಿತು. ಸವಿತಕ್ಕನಿಗೆ ದಿಗಿಲಾಯಿತು. ಇಷ್ಟೊಂದು ಕಣ್ಣು ಬಿದ್ದರೆ ಹೇಗೆ? ಜನ ಹೋದ ಮೇಲೆ ಪಟಿಕ ನಿವಾಳಿಸಿದಳು. ನಿವಾಳಿಸಿದ್ದನ್ನು ಕೆಂಡಕ್ಕೆ ಹಾಕುವುದು ವಾಡಿಕೆ. ಆದರೆ ಕೆರೆಗೇ ಒಳ್ಳೆಯದಾದದ್ದು ಮೀನಿಗೆ ಕೆಟ್ಟದಾದೀತೇ ಎಂದುಕೊಂಡು, ಮನೆಯಲ್ಲಿದ್ದಷ್ಟನ್ನೂ ಕುಟ್ಟಿ ಬೊಗಸೆ ಬೊಗಸೆಯಾಗಿ ತೊಟ್ಟಿಗೆ ಹಾಕಿದಳು.

ಬೆಳಿಗ್ಗೆ ಬಂದ ನಿರಂಜನನಿಗೆ ಕಂಡದ್ದು ಹೊಟ್ಟೆ ಮೇಲಾಗಿ ತೇಲುತ್ತಿದ್ದ ಗೆಂಡೆಗಳು. ಒಂದೂ ಉಳಿದಿರಲಿಲ್ಲ. ಮಳೆನೀರಿಗೆ ಅಷ್ಟು ಪಟಿಕ ಬಿದ್ದರೆ ನೀರು ಹುಳಿಯಾಗುತ್ತದೆ. ಪಟಿಕದ ಅಲ್ಯೂಮಿನಿಯಂ ಕಿವಿರಿಗೆ ಅಂಟಿಕೊಂಡು ಮೀನಿನ ಉಸಿರು ಕಟ್ಟುತ್ತದೆ. ಅದಕ್ಕೆಂದೇ ಯಂತ್ರ ಪಟಿಕದ ಜೊತೆಗೆ ಹುಳಿ ಮುರಿಯುವ ಸುಣ್ಣವನ್ನೂ ಬಿಡುತ್ತಿತ್ತು.

“ಸುಣ್ಣದ ವಿಷಯ ನಾನು ಹೇಳಲೇ ಇಲ್ಲ ಅಕ್ಕ,” ಎಂದ ನಿರಂಜನ.

“ಕೆರೆ ಗಬ್ಬು ನಾರ್ತಿದ್ದಾಗ ಬದುಕಿಸ್ಕಂಡಿದ್ದೆ ಸ್ವಾಮಿ,” ಎಂದಳು ಸವಿತಕ್ಕ, ಸತ್ತ ಮೀನುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳುತ್ತ. “ನೀರು ತಿಳಿಯಾಗೋ ಹೊತ್ಗೆ ನನ್ ಕೈಯಾರೆ ಕೊಂದ್ಬುಟ್ಟೆ.” ಅವಳ ಅಳು ಕೇಳಲಾಗದೆ ಅವನು ಮುಖ ತಿರುಗಿಸಿ ತಾನೂ ಅತ್ತ.

ಯಂತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಮಕ್ಕಳು ದಡದಿಂದ ಬಗ್ಗಿ ನೋಡಿದರೆ ತಳದ ಕಲ್ಲುಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ನೀರಿನಲ್ಲಿ ಅಲುಗಾಡುವಂಥದ್ದು ಇನ್ನೇನೂ ಇರಲಿಲ್ಲ.

ಆ ಬೇಸಿಗೆ ಬರಲು ಇನ್ನೂ ದಶಕಗಳಿವೆ. ಸವಿತಕ್ಕನ ಗೆಂಡೆಗಳ ಮುತ್ತಜ್ಜಿಮೀನುಗಳು ಇವತ್ತಿಗೂ ಕೆರೆಯಲ್ಲೇ ಈಜಾಡಿಕೊಂಡಿವೆ. ನಾವು ಬೆಳಿಗ್ಗೆ ಬಟ್ಟೆ ಒಗೆದು ಚೆಲ್ಲಿದ ನೀರು ಚರಂಡಿ ಹಿಡಿದು ಅವುಗಳ ಕಡೆಗೇ ಹೊರಟಿದೆ.