ಅತ್ತೆಯ ಎಡೆ

ಫ್ರಿಡ್ಜಿನ ವಿಷಯದಾಗೆ ನಾನು ಬಲು ಕಟ್ಟುನಿಟ್ಟು. ಆರದ ಸಾರು ಒಳಗಿಡಲ್ಲ, ಮುಚ್ಚಳ ಇಲ್ಲದ್ದು ಇಡಲ್ಲ. ನಮ್ಮತ್ತೆ ಚೌಡಕ್ಕ ಮಾತ್ರ ಅದರೊಳಗಿಂದು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. "ತಣ್ಣಗಿರೋದು ಹೆಣ ಕಣೇ, ನನಗೆ ಬಿಸೀದು ಹಾಕು" ಅನ್ನೋರು.

ಅವರು ತೀರಿಕೊಂಡ ಮೇಲೆ, ತಿಥಿ ದಿನ, ಸಾಸ್ವೆಹಳ್ಳಿ ಮನೆ ಮಾಳಿಗೆ ಮೇಲೆ ಎಡೆ ಇಟ್ಟು ಸಂಜೆ ತನಕ ಕಾದೆವು. ಒಂದು ಕಾಗೆಯೂ ಇಳಿಯಲಿಲ್ಲ. ಕೆಟ್ಟುಹೋದೀತು, ನಾಳೆ ಮತ್ತೆ ಇಟ್ಟರಾಯ್ತು ಅಂತ ಮುದ್ದೆ, ಸಾರು ಎರಡನ್ನೂ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಡ್ಜಿನಾಗಿಟ್ಟೆ.

ಬೆಳಿಗ್ಗೆ ಬಾಗಿಲು ತೆಗೆದರೆ ಹಾಲು, ಮೊಸರು ಎಲ್ಲಾ ತಣ್ಣಗೆ ಕೊರೀತಿದ್ದವು. ಆ ಡಬ್ಬಿ ಮಾತ್ರ ಕೈ ಸುಟ್ಟಿತು. ಮುಚ್ಚಳ ತೆಗೆದರೆ ಹಬೆ ಎದ್ದಿತು. ಮುದ್ದೆಯ ಅಂಚಿನಾಗೆ ಬೆರಳಿಂದ ತುತ್ತು ಮುರಿದ ಗುರುತಿತ್ತು.

"ನೀನೇ ಬಿಸಿ ಮಾಡಿ ಮರೆತಿದೀಯ" ಅಂದರು ನಮ್ಮನೆಯವರು.

"ಅತ್ತೆ ಎಡೇನ ಒಲೆ ಮೇಲೆ ಇಡಾಕೆ ನನಗೇನು ಹುಚ್ಚಾ ರೀ?"

ಅವರು ಡಬ್ಬಿ ಮುಟ್ಟಿ ನೋಡಿದರು. ತಟ್ಟನೆ ಕೈ ಹಿಂದಕ್ಕೆ ಎಳಕೊಂಡರು.

ಅವತ್ತೇ ಎಡೇನ ಹೊಳೆಗೆ ಬಿಟ್ಟೆವು. ಫ್ರಿಡ್ಜಿನ ಪ್ಲಗ್ ಕಿತ್ತು, ಒಳಗೆಲ್ಲಾ ತೊಳೆದು, ಬಾಗಿಲು ತೆರೆದಿಟ್ಟು ತಿಂಗಳಾಯ್ತು. ಈಗಷ್ಟೇ ಹೋಗಿ ಮುಟ್ಟಿ ಬಂದೆ. ಡಬ್ಬಿ ಇಟ್ಟಿದ್ದ ಜಾಗ ಇನ್ನೂ ಬಿಸಿ ಐತೆ.